ಸದ್ದಿನ ಲಕ್ಷಣ, ಸದ್ದಿಲ್ಲದ ಲಕ್ಷಣ

(ಸ್ಕಿಜೋಫ್ರೇನಿಯಾ ಕಾಯಿಲೆಯ ವರ್ಗೀಕರಣ ಕುರಿತ ದತ್ತಿ ಉಪನ್ಯಾಸದ ಪಠ್ಯ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಈ ಸೀಮೆಯಲ್ಲಿ ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ವಚನ, ಶಾಸನ, ಜಾನಪದದ ಮಾತು. ಈ ಸಲ ಮನೋರೋಗದ ಬಗ್ಗೆ ಮಾತಾಡಿ ಎಂದು ಕೇಳಿದವರಿಗೆ ನಾನು ಋಣಿ. ವಿಷಯ ಹೊಸದಾದರೂ ಶಾಸನದಿಂದಲೇ ಶುರು ಮಾಡುತ್ತೇನೆ. ಸಾವಿರ ವರ್ಷದ ಹಿಂದಿನ ಕಲ್ಲುಗಳು ನಮ್ಮ ಸೀಮೆಯನ್ನು ‘ಕೋಗಳಿ ಐನೂರು’ ಎಂದು ಕರೆದವು. ನೊಳಂಬವಾಡಿಯ ಒಂದು ಭಾಗವೆಂದು ಲೆಕ್ಕ ಹಿಡಿದವು. ಬ್ರಿಟಿಷರ ಕಾಲದಲ್ಲಿ ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವರು. 1953ರಲ್ಲಿ ಮೈಸೂರಿಗೆ ಸೇರಿದೆವು. ಹರಪನಹಳ್ಳಿಯವರ ಕತೆಯಂತೂ ನಿಮಗೆ ಗೊತ್ತು: 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಗಡಿಗೆರೆ ಅಷ್ಟು ಸಲ ಸರಿದರೂ ಹೊಲ ಅಲ್ಲೇ ಇದೆ, ಮಳೆ ಬಾರದ ಆಕಾಶವೂ ಅಲ್ಲೇ ಇದೆ. ಹಾಗಂತ ಗಡಿಗೆರೆ ಸುಳ್ಳಲ್ಲ. ಅರ್ಜಿಯನ್ನು ಯಾವ ಕಚೇರಿಗೆ ಒಯ್ಯಬೇಕು ಎಂಬುದನ್ನು ಅದೇ ಹೇಳುತ್ತದೆ.

ರೋಗಗಳ ವರ್ಗೀಕರಣವೂ ಹೀಗೆಯೇ. ವೈದ್ಯರು ಗೆರೆ ಎಳೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. ನರಳುವ ಮನುಷ್ಯ ಮಾತ್ರ ಗೆರೆಯ ಎರಡೂ ಕಡೆ ಒಬ್ಬನೇ. ಸ್ಕಿಜೋಫ್ರೇನಿಯಾಕ್ಕೆ ನೂರಮೂವತ್ತು ವರ್ಷಗಳಿಂದ ಎಳೆದ ಗೆರೆಗಳು ಯಾವುವು, ಅವು ಯಾಕೆ ಸರಿದವು, ಅವು ನಮ್ಮ ಮನೆಯ ಪಡಸಾಲೆಯವರೆಗೆ ಹೇಗೆ ಬರುತ್ತವೆ — ಇಂದಿನ ನನ್ನ ಮಾತು ಇಷ್ಟೇ.

1. ಗಿರಣಿಯ ಸದ್ದು

ನನ್ನ ದೊಡ್ಡಪ್ಪನ ಮಗ, ನನ್ನ ಅಣ್ಣ. 1987ರಲ್ಲಿ ಅವನಿಗೆ ಇಪ್ಪತ್ತು ವರ್ಷ, ನಾನಿನ್ನೂ ಹೈಸ್ಕೂಲು. ಪಿಯುಸಿ ಮುಗಿಸಿ ಊರಿಗೆ ಬಂದವನು ಮೊದಲು ಗೆಳೆಯರ ಮನೆಗೆ ಹೋಗುವುದು ಬಿಟ್ಟ. ಆಮೇಲೆ ಸ್ನಾನ ಬಿಟ್ಟ. ಶೇಂಗಾ ಕೀಳುವ ಸುಗ್ಗಿಯಲ್ಲೂ ಹೊಲಕ್ಕೆ ಬರಲಿಲ್ಲ. “ಓದಿದ ಸೊಕ್ಕು” ಅಂದರು ಒಬ್ಬರು, “ಪ್ಯಾಟಿ ನೀರು ಕುಡಿದು ಮೈಗಳ್ಳ ಆಗ್ಯಾನ” ಅಂದರು ಇನ್ನೊಬ್ಬರು. ಏಳೆಂಟು ತಿಂಗಳು ಹೀಗೇ ಹೋಯಿತು. ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ.

ಒಂದು ದಿನ ಸಂಜೆ ಹತ್ತಿಯ ಅರಳೆಯನ್ನು ಎರಡೂ ಕಿವಿಗೆ ತುರುಕಿಕೊಂಡು ಮೂಲೆಯಲ್ಲಿ ಕೂತಿದ್ದ. ಯಾಕೆ ಎಂದು ಕೇಳಿದೆ. “ಗಿರಣಿ ನನ್ನ ಹೆಸರು ಕರೀತೈತಿ” ಅಂದ. ಊರ ಹಿಟ್ಟಿನ ಗಿರಣಿ ನಮ್ಮ ಓಣಿಯ ತುದಿಗಿತ್ತು. ಬೆಲ್ಟು ತಿರುಗುವ ಸದ್ದಿನೊಳಗೆ ಇಬ್ಬರು ಕೂತು ಅವನ ವಿಷಯವನ್ನೇ ಮಾತಾಡುತ್ತಿದ್ದರಂತೆ. “ಈಗ ಎದ್ದ ನೋಡು, ಈಗ ನೀರು ಕುಡಿದ ನೋಡು” ಅನ್ನುತ್ತಿದ್ದರಂತೆ. ಗಿರಣಿ ನಿಂತ ಮೇಲೂ ಅವರು ಮಾತು ನಿಲ್ಲಿಸುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ, ಅವ್ವ ಸಾರಿಗೆ ಮದ್ದು ಹಾಕಿದ್ದಾಳೆ ಎಂದು ಉಣ್ಣುವುದನ್ನೂ ಬಿಟ್ಟ.

ಊರು ಎಚ್ಚೆತ್ತದ್ದು ಆಗ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಹೇಳುವವರು ಹುಟ್ಟಿಕೊಂಡರು. ಯಂತ್ರ ಕಟ್ಟಿಸಿದರು. ಒಂದು ಕ್ಷೇತ್ರದಲ್ಲಿ ಅವನನ್ನು ಹನ್ನೊಂದು ದಿನ ಕಂಬಕ್ಕೆ ಕಟ್ಟಿದ್ದರು. ಹಗ್ಗದ ಗುರುತು ಅವನ ಬಲ ಮುಂಗೈ ಮೇಲೆ ಇಂದಿಗೂ ಇದೆ. ದೊಡ್ಡಪ್ಪನಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ; ಎರಡು ಎಕರೆ ಒತ್ತೆ ಇಟ್ಟು ಸುತ್ತಿದ. ಅವನ ಕೈಯಲ್ಲಿದ್ದ ವರ್ಗೀಕರಣ ಅದೊಂದೇ: ದೆವ್ವ, ಇಲ್ಲವೇ ಸೊಕ್ಕು.

2. ಹೆಸರು ಬಂದ ಬಗೆ

ಯುರೋಪಿನ ವೈದ್ಯರ ಕೈಯಲ್ಲೂ ಮೊದಲು ಇದ್ದದ್ದು ಚೂರುಪಾರು ಹೆಸರುಗಳೇ. ಜರ್ಮನಿಯಲ್ಲಿ ಹೆಕರ್ ಎಂಬ ವೈದ್ಯ 1871ರಲ್ಲಿ ಹರೆಯದಲ್ಲೇ ನಡೆನುಡಿ ಚೆದರಿಹೋಗುವ ರೋಗಿಗಳನ್ನು ವಿವರಿಸಿ ‘ಹೆಬೆಫ್ರೇನಿಯಾ’ ಎಂದ. ಅವನ ಗುರುಸಮಾನ ಗೆಳೆಯ ಕಾಲ್ಬಾಮ್ 1874ರಲ್ಲಿ ಕಲ್ಲಿನಂತೆ ನಿಂತುಬಿಡುವ ಸ್ಥಿತಿಗೆ ‘ಕ್ಯಾಟಟೋನಿಯಾ’ ಎಂಬ ಹೆಸರು ಕೊಟ್ಟ. ಇವನ್ನೂ ಸಂಶಯದ ಭ್ರಾಂತಿಯನ್ನೂ ಒಂದೇ ಬುಟ್ಟಿಗೆ ಹಾಕಿದವನು ಎಮಿಲ್ ಕ್ರೇಪೆಲಿನ್. 1890ರ ದಶಕದಲ್ಲಿ ಅವನು ಅದನ್ನು ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂದ. ಎಳೆಯ ವಯಸ್ಸಿಗೇ ಬುದ್ಧಿ ಸವೆಯುವ ರೋಗ ಎಂದು ಅರ್ಥ. 1899ರಲ್ಲಿ ಅವನು ಎಳೆದ ದೊಡ್ಡ ಗೆರೆ ಇವತ್ತಿಗೂ ಉಳಿದಿದೆ: ಅತಿ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬಂದು ಹೋಗುವ ಕಾಯಿಲೆ ಒಂದು ಕಡೆ, ಇದು ಇನ್ನೊಂದು ಕಡೆ.

ಸ್ವಿಟ್ಜರ್ಲೆಂಡಿನ ಯೂಗೆನ್ ಬ್ಲಾಯ್ಲರ್ ರೋಗಿಗಳ ಜೊತೆ ಒಂದೇ ಆವರಣದಲ್ಲಿ ವರ್ಷಗಟ್ಟಲೆ ಬದುಕಿದ ವೈದ್ಯ. ಎಲ್ಲರ ಬುದ್ಧಿಯೂ ಸವೆಯುವುದಿಲ್ಲ, ಎಲ್ಲರಿಗೂ ಎಳೆಯ ವಯಸ್ಸಿಗೇ ಬರುವುದಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡ. 1908ರಲ್ಲಿ ‘ಸ್ಕಿಜೋಫ್ರೇನಿಯಾ’ ಎಂಬ ಪದವನ್ನು ಮುಂದಿಟ್ಟ. 1911ರ ತನ್ನ ಗ್ರಂಥದಲ್ಲಿ ಅದನ್ನು ಒಂದು ರೋಗ ಅನ್ನದೆ ರೋಗಗಳ ಗುಂಪು ಎಂದು ಕರೆದ. ಆ ವಿನಯ ನಾವು ನೆನಪಿಡಬೇಕಾದದ್ದು. ಯೋಚನೆ, ಭಾವನೆ, ಇಚ್ಛೆ — ಒಂದೇ ನೊಗಕ್ಕೆ ಹೂಡಿದಂತೆ ಒಟ್ಟಿಗೆ ನಡೆಯಬೇಕಾದ ಇವು ಒಂದೊಂದು ದಿಕ್ಕಿಗೆ ಎಳೆಯುತ್ತವೆ ಎಂಬುದು ಅವನ ಮಾತಿನ ಸಾರ.

ಗ್ರೀಕಿನ ಆ ಪದದ ಅಕ್ಷರಾರ್ಥ ‘ಸೀಳಿದ ಮನಸ್ಸು’. ಕನ್ನಡದ ‘ಛಿದ್ರಮನಸ್ಕತೆ’ ಅದರದೇ ಅನುವಾದ. ಈ ಅನುವಾದದಿಂದ ಒಂದು ತಪ್ಪು ಬೇರೂರಿತು. ಒಬ್ಬನೊಳಗೆ ಇಬ್ಬರು ಇರುವುದೇ ಸ್ಕಿಜೋಫ್ರೇನಿಯಾ ಎಂದು ಓದಿದವರೂ ತಿಳಿದಿದ್ದಾರೆ. ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿಯನ್ನು ಉದಾಹರಣೆ ಕೊಡುವವರನ್ನು ನಾನು ಕಂಡಿದ್ದೇನೆ. ಅದು ಬೇರೆಯೇ ಸ್ಥಿತಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಇರುವವನು ಒಬ್ಬನೇ. ಅವನಿಗೂ ಲೋಕಕ್ಕೂ ನಡುವಿನ ಸೇತುವೆ ಅಲುಗಾಡಿರುತ್ತದೆ.

ಹೆಸರು ಹಗುರವಾದ ಸಂಗತಿಯಲ್ಲ. ಜಪಾನಿನಲ್ಲಿ ಈ ಕಾಯಿಲೆಗೆ ‘ಮನಸ್ಸು ಸೀಳಿದ ರೋಗ’ ಎಂಬರ್ಥದ ಹೆಸರಿತ್ತು. ರೋಗಿಗಳ ಕುಟುಂಬದವರು ಕೇಳಿಕೊಂಡದ್ದರಿಂದ 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಹೆಸರನ್ನೇ ಬದಲಿಸಿತು. ಹೊಸ ಹೆಸರಿನ ಅರ್ಥ ‘ಹೊಂದಿಕೆ ತಪ್ಪಿದ ಸ್ಥಿತಿ’. ಹೊಂದಿಕೆ ತಪ್ಪಿದ್ದನ್ನು ಮತ್ತೆ ಹೊಂದಿಸಬಹುದು. ಸೀಳಿದ್ದು ಎಂದರೆ ಹೊಲಿಯಲು ಯಾರೂ ಮುಂದೆ ಬರುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ ಓದಿದವರಿಗೆ ಇದು ಹೊಸ ಮಾತೇನಲ್ಲ. ಅಲ್ಲಿ ಕಾವೇರಿಗೆ ಇದ್ದದ್ದು ಬೇರೆ ಬಗೆಯ ಮನೋರೋಗ. ಆದರೆ ವಾಸಿಯಾಗಿ ಮನೆಗೆ ಬಂದವಳನ್ನು ಮತ್ತೆ ಕೆಡವಿದ್ದು ಜನ ಅಂಟಿಸಿದ ಹೆಸರು.

3. ಕೂಡಿದ ಲಕ್ಷಣಗಳು

ಇನ್ನು ಲಕ್ಷಣಗಳ ವಿಷಯ. ವೈದ್ಯರು ಇವನ್ನು ‘ಧನಾತ್ಮಕ’, ‘ಋಣಾತ್ಮಕ’ ಎನ್ನುತ್ತಾರೆ. ಧನಾತ್ಮಕ ಅಂದರೆ ಒಳ್ಳೆಯದು ಎಂದು ತಿಳಿಯಬೇಡಿ. ಇದು ಶಾಲೆಯ ಕೂಡುವ, ಕಳೆಯುವ ಲೆಕ್ಕ. ಮೊದಲು ಇಲ್ಲದ್ದು ಬಂದು ಕೂಡಿಕೊಂಡರೆ ಧನ. ಮೊದಲು ಇದ್ದದ್ದು ಕಳೆದುಹೋದರೆ ಋಣ.

ಕೂಡಿದವುಗಳಲ್ಲಿ ಮೊದಲನೆಯದು, ಇಲ್ಲದ್ದನ್ನು ಇಂದ್ರಿಯಗಳು ಅನುಭವಿಸುವುದು. ಕಣ್ಣಿಗೆ ಕಾಣಬಹುದು, ಮೂಗಿಗೆ ವಾಸನೆ ಬರಬಹುದು. ಎಲ್ಲಕ್ಕಿಂತ ಹೆಚ್ಚು ಕಿವಿಗೆ ದನಿ ಕೇಳುತ್ತದೆ. ಅದು ‘ಕೇಳಿದಂತೆ ಅನಿಸುವುದು’ ಅಲ್ಲ. ನನ್ನ ಮಾತು ಈಗ ನಿಮಗೆ ಕೇಳುತ್ತಿರುವಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ‘ಅದೆಲ್ಲ ಸುಳ್ಳು, ಸುಮ್ಮನಿರು’ ಎಂದರೆ ಅವರಿಗೆ ನಾವೇ ಸುಳ್ಳರಾಗಿ ಕಾಣುತ್ತೇವೆ.

ಎರಡನೆಯದು, ಯಾವ ಪುರಾವೆಗೂ ಅಲುಗದ ತಪ್ಪು ನಂಬಿಕೆ, ಅಂದರೆ ಭ್ರಾಂತಿ. ಯಾರೋ ಬೆನ್ನು ಹತ್ತಿದ್ದಾರೆ, ಅನ್ನಕ್ಕೆ ವಿಷ ಹಾಕಿದ್ದಾರೆ, ಟಿವಿಯಲ್ಲಿ ನನ್ನ ಬಗ್ಗೆಯೇ ಹೇಳುತ್ತಿದ್ದಾರೆ ಎಂಬಂಥವು. ಮೂರನೆಯದು, ತನ್ನ ಯೋಚನೆಯ ಒಡೆತನ ಕೈತಪ್ಪುವುದು. ಬೇರೆಯವರು ತಲೆಯೊಳಗೆ ಯೋಚನೆ ತುಂಬುತ್ತಾರೆ, ಇದ್ದದ್ದನ್ನು ಕದಿಯುತ್ತಾರೆ, ಮನಸ್ಸಿನಲ್ಲಿ ಅಂದುಕೊಂಡದ್ದು ಊರಿಗೆಲ್ಲ ಕೇಳುತ್ತದೆ, ನನ್ನ ಕೈಕಾಲನ್ನು ಯಾರೋ ಆಡಿಸುತ್ತಾರೆ ಎಂಬ ಅನುಭವ. ಜರ್ಮನಿಯ ಕುರ್ಟ್ ಷ್ನೈಡರ್ ಇಂಥವನ್ನೂ, ತನ್ನ ಬಗ್ಗೆ ಇಬ್ಬರು ಮಾತಾಡಿಕೊಳ್ಳುವ ದನಿಗಳನ್ನೂ ‘ಮೊದಲ ದರ್ಜೆಯ ಲಕ್ಷಣಗಳು’ ಎಂದು ಪಟ್ಟಿ ಮಾಡಿದ. ನಮ್ಮಣ್ಣನ ಗಿರಣಿಯ ಇಬ್ಬರನ್ನು ನಾನು ಆ ಪಟ್ಟಿಯಲ್ಲಿ ಕಂಡದ್ದು ವೈದ್ಯಕೀಯ ಓದುವಾಗ. ಆ ರಾತ್ರಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ.

ಇಲ್ಲಿ ನೀವು ನ್ಯಾಯವಾಗಿ ಒಂದು ಪ್ರಶ್ನೆ ಕೇಳಬಹುದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು ಬಿಲ್ಲು ಏರುತ್ತಾರೆ. “ಸದ್ದಲೇ”, ಅಂದರೆ ಸದ್ದು ನಿಲ್ಲಲಿ, ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದು ಸಾಲಿನ ಕಾರಣಿಕ, ಅಂದರೆ ಭವಿಷ್ಯ, ನುಡಿದು ಅವರು ಕೆಳಗೆ ಬೀಳುತ್ತಾರೆ. ಆ ಸಾಲಿನಲ್ಲಿ ನಾವು ಮಳೆ ಬೆಳೆ ಅರಸುತ್ತೇವೆ. ಇದಕ್ಕೇನು ಹೆಸರು? ವರ್ಗೀಕರಣದ ಗ್ರಂಥಗಳೇ ಇದಕ್ಕೆ ಉತ್ತರ ಕೊಟ್ಟಿವೆ. ಒಂದು ಸಮುದಾಯ ಒಟ್ಟಾಗಿ ಒಪ್ಪಿ ನಡೆಸುವ ನಂಬಿಕೆ, ಆಚರಣೆಗಳನ್ನು ರೋಗಲಕ್ಷಣವಾಗಿ ಎಣಿಸಬಾರದು. ಗೊರವಯ್ಯನ ನುಡಿಗೆ ಹೊತ್ತುಂಟು, ಜಾಗವುಂಟು, ಕೇಳುವ ಜನವುಂಟು. ಜಾತ್ರೆ ಮುಗಿದ ಮೇಲೆ ಅವರು ತಮ್ಮ ಮನೆಗೆ, ಕೆಲಸಕ್ಕೆ ಮರಳುತ್ತಾರೆ. ನಮ್ಮಣ್ಣನ ದನಿಗಳಿಗೆ ಹೊತ್ತಿರಲಿಲ್ಲ. ಅವು ಅವನೊಬ್ಬನಿಗೇ ಕೇಳುತ್ತಿದ್ದವು, ಅವನನ್ನು ಊಟದಿಂದ, ಗೆಳೆಯರಿಂದ, ನಿದ್ದೆಯಿಂದ ಕಿತ್ತುಕೊಂಡು ಹೋಗುತ್ತಿದ್ದವು. ‘ಸದ್ದಲೇ’ ಎಂದು ಅವುಗಳಿಗೆ ಹೇಳುವವರು ಯಾರೂ ಇರಲಿಲ್ಲ.

ದನಿಗಳಿಗೂ ನೆಲದ ಬಣ್ಣ ಇರುತ್ತದೆ. ಟ್ಯಾನ್ಯಾ ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಅಮೆರಿಕದ ಕ್ಯಾಲಿಫೋರ್ನಿಯಾ, ಘಾನಾದ ಆಕ್ರಾ ಮತ್ತು ನಮ್ಮ ಚೆನ್ನೈನಲ್ಲಿ ಇಂಥ ದನಿ ಕೇಳುವವರನ್ನು ಮಾತಾಡಿಸಿ 2015ರಲ್ಲಿ ಬರೆದರು. ಅಮೆರಿಕದವರಿಗೆ ದನಿಗಳು ಹೆಚ್ಚಾಗಿ ಹಿಂಸೆ, ಬೆದರಿಕೆಯಾಗಿ ಕೇಳುತ್ತಿದ್ದವು. ಚೆನ್ನೈನವರಲ್ಲಿ ಅನೇಕರಿಗೆ ಅದು ಬಂಧುಗಳ ದನಿ. ಬಯ್ಯುತ್ತದೆ, ಜೊತೆಗೆ ಮನೆಗೆಲಸವನ್ನೂ ಹೇಳುತ್ತದೆ. ಕಾಯಿಲೆಯ ಬೀಜ ಎಲ್ಲ ಕಡೆ ಒಂದೇ ಇದ್ದರೂ ಅದು ಆಡುವ ಭಾಷೆ ಆಯಾ ಮನೆಯದು.

4. ಚೆದರಿದ ಲಕ್ಷಣಗಳು

ಮಾತಿನ ಎಳೆ ತಪ್ಪುವುದು ಇನ್ನೊಂದು ಗುಂಪು. ಪದಗಳು ಸರಿಯಾಗಿಯೇ ಇರುತ್ತವೆ, ಆದರೆ ಒಂದಕ್ಕೊಂದು ಪೋಣಿಸಿಕೊಳ್ಳುವುದಿಲ್ಲ. ಹಡಗಲಿ ಮಲ್ಲಿಗೆ ಕಟ್ಟುವವರ ಕೈಯಲ್ಲಿ ದಾರ ಹರಿದರೆ ಹೂವು ಹೂವಾಗಿಯೇ ಉಳಿಯುತ್ತದೆ, ದಂಡೆ ಮಾತ್ರ ಆಗುವುದಿಲ್ಲ. ಹಾಗೆ. ಬಿಸಿಲಲ್ಲಿ ಮೂರು ಅಂಗಿ ತೊಡುವುದು, ಸಾವಿನ ಮನೆಯಲ್ಲಿ ನಗುವುದು, ಗೊತ್ತುಗುರಿಯಿಲ್ಲದೆ ಅಲೆಯುವುದು ಈ ಗುಂಪಿನವು.

ಇದರ ಪಕ್ಕದಲ್ಲೇ ಚಲನೆಯ ಲಕ್ಷಣಗಳು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನಿಲ್ಲುವುದು, ಬಾಯಿ ಬಿಡದಿರುವುದು, ಎತ್ತಿದ ಕೈ ಎತ್ತಿದಂತೆಯೇ ಉಳಿಯುವುದು. ಕಾಲ್ಬಾಮ್ ಕಂಡ ಕ್ಯಾಟಟೋನಿಯಾ ಇದೇ. ಇದು ಬೇರೆ ಮನೋರೋಗಗಳಲ್ಲೂ ದೇಹದ ಕಾಯಿಲೆಗಳಲ್ಲೂ ಬರುತ್ತದೆಂದು ತಿಳಿದ ಮೇಲೆ ಹೊಸ ವರ್ಗೀಕರಣದಲ್ಲಿ ಅದಕ್ಕೆ ತನ್ನದೇ ಮನೆ ಕೊಟ್ಟಿದ್ದಾರೆ. ನೋಡುವವರಿಗೆ ‘ದೇವರು ಮೈದುಂಬಿದಂತೆ’ ಕಂಡರೂ ಇದು ತುರ್ತು ಸ್ಥಿತಿ. ಅನ್ನ ನೀರು ಬಿಟ್ಟರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಲೊರಾಜೆಪಾಮ್ ಕೊಟ್ಟ ಕೆಲವೇ ಗಂಟೆಯಲ್ಲಿ, ದಿನದಲ್ಲಿ ಮಾತಾಡಿದವರನ್ನು ನಾನು ಕಂಡಿದ್ದೇನೆ.

5. ಕಳೆದ ಲಕ್ಷಣಗಳು

ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಈ ಭಾಗ.

ಕಳೆದುಹೋಗುವುದು ಏನು? ಮುಖದ ಮೇಲಿನ ಭಾವ. ಮಾತಿನ ತೇವ. ಏಳಬೇಕು, ಮಾಡಬೇಕು ಎಂಬ ಒಳಗಿನ ಒತ್ತಾಸೆ. ಹಬ್ಬದಡುಗೆಯ ರುಚಿ, ಗೆಳೆಯ ಬಂದಾಗಿನ ಸಂತೋಷ. ಇನ್ನೊಬ್ಬರ ಜೊತೆ ಕೂತುಕೊಳ್ಳಬೇಕೆಂಬ ಆಸೆ. ಇವು ಸದ್ದು ಮಾಡದೆ ಹೋಗುತ್ತವೆ. ಅನೇಕರಲ್ಲಿ ದನಿಗಳಿಗಿಂತ ತಿಂಗಳು, ವರ್ಷ ಮೊದಲೇ ಹೋಗುತ್ತವೆ. ದನಿಗಳು ನಿಂತ ಮೇಲೂ ಮರಳಿ ಬರುವುದು ತಡ. ಇಂಗ್ಲೆಂಡಿನ ಟಿಮ್ ಕ್ರೋ 1980ರಲ್ಲಿ ಈ ಎರಡು ಬಗೆಯನ್ನು ಬೇರ್ಪಡಿಸಿ ತೋರಿಸಿದ. ಅಮೆರಿಕದ ನ್ಯಾನ್ಸಿ ಆಂಡ್ರಿಯಾಸನ್ ಇವನ್ನು ಅಳೆಯುವ ಮಾನಕಗಳನ್ನು ಮಾಡಿದರು. ಅಲ್ಲಿಯವರೆಗೆ ಅಳತೆಯೇ ಇಲ್ಲದ್ದು ಲೆಕ್ಕಕ್ಕೆ ಬಂತು.

ಜೊತೆಗೆ ಅರಿವಿನ ಲಕ್ಷಣಗಳೂ ಇವೆ: ಗಮನ, ನೆನಪು, ಕೆಲಸವನ್ನು ಸಾಲಾಗಿ ಜೋಡಿಸಿಕೊಳ್ಳುವ ಶಕ್ತಿ ಕುಗ್ಗುವುದು. ಅಂಗಡಿಗೆ ಹೋಗಿ ಬೆಲ್ಲ, ಕಡ್ಡಿಪೆಟ್ಟಿಗೆ, ಸೋಪು ತಾ ಎಂದರೆ ನಮ್ಮಣ್ಣ ಕಡ್ಡಿಪೆಟ್ಟಿಗೆ ಒಂದನ್ನೇ ತರುತ್ತಿದ್ದ. ಉಳಿದ ದುಡ್ಡು ಮುಷ್ಟಿಯಲ್ಲೇ ಇರುತ್ತಿತ್ತು. ಅವನು ಕದಿಯಲಿಲ್ಲ, ಅಸಡ್ಡೆ ಮಾಡಲಿಲ್ಲ. ಮೂರು ಹೆಸರನ್ನು ಓಣಿಯ ಉದ್ದಕ್ಕೂ ಹೊತ್ತುಕೊಂಡು ಹೋಗುವ ಬುಟ್ಟಿ ಅವನ ತಲೆಯಲ್ಲಿ ತೂತು ಬಿದ್ದಿತ್ತು. ಅದಕ್ಕೆ ಏಟು ತಿಂದ.

ಅವನಿಗೆ ಮಾತ್ರೆ ಸಿಕ್ಕ ಬಗೆಯನ್ನು ಮುಂದೆ ಹೇಳುತ್ತೇನೆ. ಅದರಿಂದ ಅವನ ದನಿಗಳು ಎರಡು ತಿಂಗಳಲ್ಲಿ ಅಡಗಿದ್ದವು. ಮನೆಯವರಿಗೆ ಅವನು ವಾಸಿಯಾದ. ಆಮೇಲೆ ಐದು ವರ್ಷ ಅವನು ಕಟ್ಟೆಯ ಮೇಲೆ ಕೂತ. ದೆವ್ವ ಹೋಯಿತು, ಸೋಮಾರಿತನ ಉಳಿಯಿತು ಅಂದರು. ಅವನನ್ನು ಮೈಗಳ್ಳ ಎಂದು ಕರೆದವರಲ್ಲಿ ನಾನೂ ಒಬ್ಬ. ಊಟದ ತಾಟನ್ನು ಅವನ ಮುಂದೆ ಕುಕ್ಕಿದ್ದೇನೆ. ಕಾಯಿಲೆಯ ದೊಡ್ಡ ಭಾಗ ಆ ಕಟ್ಟೆಯ ಮೇಲೆ ಕೂತಿತ್ತು, ನನಗೆ ಕಾಣಲಿಲ್ಲ. ಸದ್ದು ಮಾಡುವ ಲಕ್ಷಣ ರೋಗಿಯನ್ನು ಆಸ್ಪತ್ರೆಗೆ ಒಯ್ಯುತ್ತದೆ. ಸದ್ದಿಲ್ಲದ ಲಕ್ಷಣ ಅವನ ಬದುಕನ್ನು ಒಯ್ಯುತ್ತದೆ.

6. ಪೆಟ್ಟಿಗೆಗಳು ಹೋದವು

ಇಷ್ಟು ಲಕ್ಷಣಗಳನ್ನು ಇಟ್ಟುಕೊಂಡು ವೈದ್ಯಲೋಕ ರೋಗಿಗಳನ್ನು ಬಹುಕಾಲ ಪೆಟ್ಟಿಗೆಗಳಿಗೆ ತುಂಬಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ವರ್ಗೀಕರಣದಲ್ಲಿ, ಅಂದರೆ ಐಸಿಡಿ-10ರಲ್ಲಿ, ‘ಎಫ್ 20’ ಎಂಬ ಸಂಕೇತದಡಿ ಈ ಬಗೆಗಳಿದ್ದವು: ಸಂಶಯ, ದನಿಗಳು ಮುಖ್ಯವಾದ ಪ್ಯಾರನಾಯ್ಡ್, ನಡೆನುಡಿ ಚೆದರಿದ ಹೆಬೆಫ್ರೇನಿಕ್, ಚಲನೆ ಕೆಟ್ಟ ಕ್ಯಾಟಟೋನಿಕ್, ಯಾವುದಕ್ಕೂ ಸೇರದ ಅನಿರ್ದಿಷ್ಟ ಬಗೆ, ಅಬ್ಬರ ಇಳಿದ ಮೇಲೆ ಬರುವ ಖಿನ್ನತೆ, ಅಬ್ಬರ ಇಳಿದು ಕಳೆದ ಲಕ್ಷಣಗಳಷ್ಟೇ ಉಳಿಯುವ ಶೇಷ ಬಗೆ, ಅಬ್ಬರವೇ ಇಲ್ಲದೆ ಮೆಲ್ಲನೆ ಕುಗ್ಗುವ ಸರಳ ಬಗೆ. ಹಳೆಯ ಚೀಟಿಗಳಲ್ಲಿ ಇವನ್ನು ನೀವು ಈಗಲೂ ನೋಡಬಹುದು.

ಪೆಟ್ಟಿಗೆಯ ತೊಂದರೆ ಏನೆಂದರೆ ಮನುಷ್ಯ ಅದರಲ್ಲಿ ಕೂರುವುದಿಲ್ಲ. ಈ ವರ್ಷ ಸಂಶಯದ ಬಗೆ ಎಂದು ಬರೆದವನು ಮೂರು ವರ್ಷದ ಮೇಲೆ ಶೇಷ ಬಗೆಯಾಗಿರುತ್ತಾನೆ. ಬಗೆ ಯಾವುದಾದರೂ ಕೊಡುವ ಔಷಧಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಬಗೆಗಳನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿಗೆ ತಂದ ಐಸಿಡಿ-11 ಕೂಡ ಅದೇ ದಾರಿ ಹಿಡಿಯಿತು. ಈಗ ವೈದ್ಯರು ಕೇಳಿಕೊಳ್ಳುವುದು ‘ಇವನು ಯಾವ ಬಗೆಯವನು?’ ಎಂದಲ್ಲ, ‘ಇವನಲ್ಲಿ ಯಾವುದು ಎಷ್ಟಿದೆ?’ ಎಂದು. ಆರು ಸಾಲು ಇರುತ್ತವೆ — ಕೂಡಿದ ಲಕ್ಷಣ, ಕಳೆದ ಲಕ್ಷಣ, ಖಿನ್ನತೆ, ಅತಿ ಉತ್ಸಾಹ, ಚಲನೆ, ಅರಿವು. ಪ್ರತಿಯೊಂದರ ಮುಂದೆ ಇಲ್ಲ, ಅಲ್ಪ, ಮಧ್ಯಮ, ತೀವ್ರ ಎಂದು ಗುರುತು ಹಾಕುತ್ತಾರೆ. ಇದು ಮೊದಲ ಸಲವೋ, ಮರುಕಳಿಸಿದ್ದೋ, ಬಿಡದೆ ಇರುವುದೋ ಎಂದೂ ಬರೆಯುತ್ತಾರೆ.

ಕಾಲದ ಅಳತೆಯೂ ಉಂಟು. ಐಸಿಡಿ ಪ್ರಕಾರ ಮುಖ್ಯ ಲಕ್ಷಣಗಳಲ್ಲಿ ಎರಡಾದರೂ ಒಂದು ತಿಂಗಳು ಇರಬೇಕು. ಡಿಎಸ್‌ಎಂ ಪ್ರಕಾರ ಕಾಯಿಲೆಯ ಗುರುತುಗಳು ಒಟ್ಟು ಆರು ತಿಂಗಳಾದರೂ ಇರಬೇಕು. ಜ್ವರದ ಕನವರಿಕೆ, ಕುಡಿತ ಬಿಟ್ಟಾಗಿನ ಭ್ರಮೆ, ಗಾಂಜಾದ ಅಮಲು, ಥೈರಾಯ್ಡ್ ಏರುಪೇರು, ಮಿದುಳಿನ ಕಾಯಿಲೆ — ಇವು ಅಲ್ಲವೆಂದು ನೋಡಿಕೊಂಡೇ ಹೆಸರು ಹಾಕಬೇಕು. ರಕ್ತ ತೆಗೆದು, ಸ್ಕ್ಯಾನ್ ಮಾಡಿ ‘ಇದೇ’ ಎಂದು ಹೇಳುವ ಪರೀಕ್ಷೆ ಇಲ್ಲ. ಕೂತು ಕೇಳುವುದೇ ಪರೀಕ್ಷೆ.

ಕೇಳುವುದಕ್ಕೂ ಒಂದು ಒಪ್ಪಿತ ರೀತಿ ಯಾಕೆ ಬೇಕು ಎಂಬುದಕ್ಕೆ ಇತಿಹಾಸ ಇದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರು ಲಂಡನ್ನಿನವರಿಗಿಂತ ಬಹಳ ಹೆಚ್ಚು ಮಂದಿಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಕೊಡುತ್ತಿದ್ದರು. ಒಂದೇ ಪ್ರಶ್ನಾವಳಿಯಿಂದ ಎರಡೂ ಕಡೆಯ ರೋಗಿಗಳನ್ನು ನೋಡಿದಾಗ ಆ ಅಂತರ ಬಹುತೇಕ ಕರಗಿತು. ವ್ಯತ್ಯಾಸ ಇದ್ದದ್ದು ವೈದ್ಯರಲ್ಲಿ. ಆಗಲೇ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ 1,202 ರೋಗಿಗಳನ್ನು ಒಂದೇ ಅಳತೆಯಲ್ಲಿ ಅಭ್ಯಾಸ ಮಾಡಿತು. ಭಾರತದ ಕೇಂದ್ರ ಆಗ್ರಾ. ಎಲ್ಲ ಕಡೆಯೂ ಇದೇ ಲಕ್ಷಣಗಳ ಗುಂಪು ಕಂಡಿತು.

7. ನಮ್ಮ ನೆಲದ ಪಾಠ

ಈಗ ಹೆಮ್ಮೆಯಿಂದ ಹೇಳುವ ಮಾತು. ಭಾರತ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ತೋರಿಸಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು, 1985ರಿಂದ 1990ರವರೆಗೆ. ಆಗ ಈ ಐದೂ ಕಡೆಯ ಊರುಗಳು ಆ ಜಿಲ್ಲೆಯೊಳಗೇ ಇದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ನಾಲ್ಕಾರು ಅಗತ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಸಿಗುವಂತೆ ಮಾಡಿದರು. ಈ ‘ಬಳ್ಳಾರಿ ಮಾದರಿ’ಯ ಮೇಲೆ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಇಂದು ಅದು ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ. ಮನೋವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಬಳ್ಳಾರಿಯ ಹೆಸರು ಗಣಿಗಾಗಿ ಬರುವುದಿಲ್ಲ, ಇದಕ್ಕಾಗಿ ಬರುತ್ತದೆ.

ನಮ್ಮ ಮನೆಗೆ ಬಂದ ನರ್ಸಮ್ಮ ಆ ತರಬೇತಿ ಪಡೆದವರು. ಕೂಸಿಗೆ ಲಸಿಕೆ ಹಾಕಲು ಬಂದವರು ಕಟ್ಟೆಯ ಮೇಲೆ ಕೂತು ದೊಡ್ಡವ್ವನನ್ನು ಕೇಳಿದರು: “ಒಬ್ಬನ ಮಾತಾಡ್ಕೋತಾನೇನವಾ? ಸುಮ್ಮಸುಮ್ಮನ ನಗ್ತಾನೇನು? ಮೈಕೈ ತೊಳ್ಕೊಳ್ಳೋದು ಬಿಟ್ಟಾನೇನು? ಯಾರೋ ಕೊಲ್ಲಾಕ ಬರ್ತಾರ ಅಂತಾನೇನು?” ಜರ್ಮನ್ ಪದ ಒಂದೂ ಇರಲಿಲ್ಲ. ಕ್ರೇಪೆಲಿನ್, ಬ್ಲಾಯ್ಲರ್, ಷ್ನೈಡರ್ ದಶಕಗಟ್ಟಲೆ ಗುದ್ದಾಡಿದ್ದು ಆ ನಾಲ್ಕು ಪ್ರಶ್ನೆಯಲ್ಲಿತ್ತು. ದೊಡ್ಡವ್ವ ನಾಲ್ಕಕ್ಕೂ ಹೌದೆಂದು ತಲೆಯಾಡಿಸಿ ಅತ್ತಳು. ನರ್ಸಮ್ಮ ಚೀಟಿ ಬರೆದರು. ಆರೋಗ್ಯ ಕೇಂದ್ರದಲ್ಲಿ ಕ್ಲೋರ್‌ಪ್ರೋಮಜಿನ್ ಮಾತ್ರೆ ಕೊಟ್ಟರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮನೋರೋಗಕ್ಕೆ ಮೊದಲು ಬಳಸಿದ ಔಷಧಿ ಮೂವತ್ತೈದು ವರ್ಷದ ಮೇಲೆ ಶೇಂಗಾ ಹೊಲದ ಹಾದಿಯಲ್ಲಿ ನಡೆದು ನಮ್ಮಣ್ಣನ ಅಂಗೈಗೆ ಬಂತು.

8. ಇನ್ನು ಮುಂದೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಮೂರು ಸಾವಿರ ಜನಸಂಖ್ಯೆಯ ಒಂದು ಊರಿಗೆ ಹತ್ತು ಮಂದಿ. ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಆದರೆ ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ತೀವ್ರ ಮನೋರೋಗ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ತೋರಿಸಿತು. ಬಳ್ಳಾರಿ ಮಾದರಿಯ ನೆಲದಲ್ಲಿ ನಿಂತು ಈ ಅಂಕಿ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ.

ನಮ್ಮ ಸೀಮೆಗೆ ಅದರದೇ ಒಂದು ಕಾರಣವೂ ಇದೆ: ಗುಳೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋದವರ ಗಂಟಿನಲ್ಲಿ ಒಂದು ತಿಂಗಳ ಮಾತ್ರೆ ಇರುತ್ತದೆ, ಆಮೇಲೆ ಇರುವುದಿಲ್ಲ. ದನಿಗಳು ಅಲ್ಲಿ, ಗುರುತಿಲ್ಲದ ಊರಿನ ಶೆಡ್ಡಿನಲ್ಲಿ ಮರಳುತ್ತವೆ. ಹೋಗುವ ಮುಂಚೆ ವೈದ್ಯರಿಗೆ ಹೇಳಿ. ಹೆಚ್ಚು ದಿನದ ಮಾತ್ರೆಯೋ, ವಾರಗಟ್ಟಲೆ ಕೆಲಸ ಮಾಡುವ ಚುಚ್ಚುಮದ್ದೋ ಸಿಗುತ್ತದೆ. ಚೀಟಿಯ ಫೋಟೊ ಫೋನಿನಲ್ಲಿರಲಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುತ್ತಾರೆ. 14416 ಎಂಬ ಟೆಲಿ-ಮಾನಸ್ ಸಹಾಯವಾಣಿಗೆ ಯಾವ ಊರಿನಿಂದಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾತ್ರೆ ಕೂಡಿದ ಲಕ್ಷಣಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಳೆದ ಲಕ್ಷಣಗಳ ಮೇಲೆ ಅಷ್ಟಾಗಿ ಮಾಡುವುದಿಲ್ಲ. ಅಲ್ಲಿ ಔಷಧಿ ನಾವೇ: ಸಣ್ಣ ಕೆಲಸ, ಒಂದು ಸಲಕ್ಕೆ ಒಂದೇ ಕೆಲಸ, ಬೈಗುಳವಿಲ್ಲದ ಮನೆ. ಮಾತ್ರೆಯಿಂದ ಕೈ ನಡುಗಿದರೆ, ಜೊಲ್ಲು ಸುರಿದರೆ, ಮೈ ಬಿಗಿದರೆ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ.

ದೇವರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ನಾನೂ ಕೈಮುಗಿಯುತ್ತೇನೆ. ಆದರೆ ರೋಗಿಯನ್ನು ಕಟ್ಟಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಹರಕೆ ಮತ್ತು ಮಾತ್ರೆ ಎರಡೂ ಒಂದೇ ಮನೆಯಲ್ಲಿ ಇರಬಹುದು. ಹಗ್ಗಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ಕೊನೆಯದಾಗಿ ಹೆಸರಿನ ಮಾತು. ‘ಹುಚ್ಚ’ ಎಂಬುದು ಇಡೀ ಮನುಷ್ಯನನ್ನು ಹಾಕಿಡುವ ಪೆಟ್ಟಿಗೆ. ಜಗತ್ತಿನ ವೈದ್ಯರೇ ತಮ್ಮ ಪೆಟ್ಟಿಗೆಗಳನ್ನು ಬಿಸಾಕಿರುವಾಗ ನಾವು ಯಾಕೆ ಇಟ್ಟುಕೊಳ್ಳಬೇಕು? ‘ಅವನಿಗೆ ದನಿ ಕೇಳುತ್ತದೆ’, ‘ಅವಳಿಗೆ ಏಳುವ ಶಕ್ತಿ ಕುಗ್ಗಿದೆ’ ಎಂದು ಹೇಳೋಣ. ಲಕ್ಷಣದ ಹೆಸರು ಹೇಳಿದರೆ ಅದು ಕಡಿಮೆಯಾದಾಗ ನಮಗೆ ಕಾಣುತ್ತದೆ.

ಅಣ್ಣನಿಗೆ ಈಗ ಅರವತ್ತರ ಹತ್ತಿರ. ಮಾತ್ರೆಯ ಚೀಲ ಅವನೇ ಇಟ್ಟುಕೊಳ್ಳುತ್ತಾನೆ. ನಾನು ವೈದ್ಯನಾದ ಮೇಲೆ ಮನೆಯಲ್ಲಿ ಒಂದು ಎಮ್ಮೆಯನ್ನು ಅವನಿಗೆ ಒಪ್ಪಿಸಿದೆವು: ಬೆಳಿಗ್ಗೆ ನೀರು ಕುಡಿಸುವುದು, ಅಷ್ಟೇ. ಒಂದು ವರ್ಷದ ಮೇಲೆ ಮೇವು, ಇನ್ನೊಂದು ವರ್ಷದ ಮೇಲೆ ಡೇರಿಗೆ ಹಾಲು. ಮಾತು ಈಗಲೂ ಕಡಿಮೆ. ಕೇಳಿದ್ದಕ್ಕೆ ಉತ್ತರ, ಅಷ್ಟು. ತಾನಾಗಿ ಯಾರನ್ನೂ ಏನನ್ನೂ ಕೇಳದೆ ಅವನು ಎಷ್ಟೋ ವರ್ಷ ಕಳೆದಿದ್ದಾನೆ. ಇವತ್ತು ಬೆಳಿಗ್ಗೆ ನಾನು ಈ ಸಭೆಗೆ ಹೊರಟಾಗ ಹಾಲಿನ ಕ್ಯಾನು ಹಿಡಿದು ಎದುರಾದ. ದಾಟಿ ಹೋದವನು ನಿಂತು, ತಿರುಗಿ ಕೇಳಿದ: “ಉಂಡಿ?”

ಉಂಡೆ ಅಣ್ಣಾ, ಅಂದೆ.